ಹದಿಹರೆಯದಲ್ಲಿ ಗರ್ಭನಿರೋಧಕ: ಕೊರತೆ ಮಾತ್ರೆಯದಲ್ಲ

ಲಕ್ಕೂರು (ಮಾಲೂರು ತಾ.): ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಮಾಲಾ-ಎನ್’ ಮಾತ್ರೆ ಉಚಿತ. ಹಾರ್ಮೋನುರಹಿತ ‘ಛಾಯಾ’ ಮಾತ್ರೆ, ಮೂರು ತಿಂಗಳಿಗೊಮ್ಮೆ ನೀಡುವ ‘ಅಂತರಾ’ ಚುಚ್ಚುಮದ್ದು 2017ರಲ್ಲಿ ಸರ್ಕಾರಿ ಯೋಜನೆಗೆ ಸೇರಿದವು. ಆಶಾ ಕಾರ್ಯಕರ್ತೆಯರು ಇಂಥವನ್ನು ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆ 2011ರಲ್ಲೇ ಆರಂಭವಾಗಿತ್ತು. ಆದರೂ ದೇಶದ ವಿವಾಹಿತೆಯರಲ್ಲಿ ಗರ್ಭನಿರೋಧಕ ಬಳಕೆ ತೀರಾ ಕಡಿಮೆ ಇರುವುದು 15ರಿಂದ 19ರ ವಯೋಮಾನದಲ್ಲಿ. ಲಕ್ಕೂರಿನಂಥ ಹೋಬಳಿ ಕೇಂದ್ರದಲ್ಲಿ ನಿಂತು ನೋಡಿದರೆ ಇದಕ್ಕೆ ಕಾರಣ ಪೂರೈಕೆಯ ಕೊರತೆಯಲ್ಲ ಎಂಬುದು ಮನವರಿಕೆಯಾಗುತ್ತದೆ.

ಮದುವೆಯಾಗಿ ಮೂರು ತಿಂಗಳು ಕಳೆಯುವಷ್ಟರಲ್ಲಿ ‘ಏನಾದರೂ ವಿಶೇಷವೇ?’ ಎಂಬ ಪ್ರಶ್ನೆ ಶುರುವಾಗುತ್ತದೆ. ಅದಕ್ಕೆ ಉತ್ತರ ನೀಡಬೇಕಾದ ಸೊಸೆ ಮಾತ್ರೆ ನುಂಗುವಂತಿಲ್ಲ. ನುಂಗಿದರೆ ಮುಂದೆ ಬಸಿರು ನಿಲ್ಲದು ಎಂಬ ಭೀತಿ ಬೇರೆ. ಮಾತ್ರೆ ನಿಲ್ಲಿಸಿದರೆ ಗರ್ಭಧಾರಣೆಯ ಸಾಮರ್ಥ್ಯ ಬೇಗನೆ ಮರಳುತ್ತದೆ, ಚುಚ್ಚುಮದ್ದಾದರೆ ಕೆಲ ತಿಂಗಳು ತಡ. ಆದರೆ ಹೀಗೆಂದು ಹೇಳುವ ಹಿರಿಯರು ಮನೆಯಲ್ಲಿ ಅಪರೂಪ. ರಾಜ್ಯದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21). ತಾಯಿಗೂ ಅತ್ತೆಗೂ ಗೊತ್ತಿರುವುದು ‘ಎರಡಾದ ಮೇಲೆ ಆಪರೇಷನ್’ ಮಾತ್ರ. ಮೊದಲ ಮಗುವನ್ನು ಮುಂದೂಡುವ ಮಾತು ಅವರ ಅನುಭವದಲ್ಲೇ ಇಲ್ಲ.

ಕಾನೂನಿನ ತೊಡಕು ಇನ್ನೂ ಜಟಿಲ. ಅದೇ ಸಮೀಕ್ಷೆಯಂತೆ ರಾಜ್ಯದ 20-24ರ ವಯಸ್ಸಿನ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಕರ್ನಾಟಕದಲ್ಲಿ 2017ರ ತಿದ್ದುಪಡಿಯ ಬಳಿಕ ಇಂಥ ಮದುವೆ ಮೂಲತಃ ಅಸಿಂಧು. ಅದೇ ವರ್ಷದ ಅಕ್ಟೋಬರ್‌ನಲ್ಲಿ, 18ರೊಳಗಿನ ಪತ್ನಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪೋಕ್ಸೊ ಕಾಯ್ದೆಯಡಿ, ವಿಷಯ ತಿಳಿದ ಆರೋಗ್ಯ ಸಿಬ್ಬಂದಿ ಪೊಲೀಸರಿಗೆ ತಿಳಿಸಲೇಬೇಕು. ಬಾಲಕಿಯರ ರಕ್ಷಣೆಗೆ ಈ ಕಾನೂನುಗಳು ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಟ್ಟಾಗಿ ಮದುವೆ ಮಾಡಿದ ಮನೆಯವರು ಆಶಾ ಕಾರ್ಯಕರ್ತೆಯ ಎದುರು ಹುಡುಗಿಯ ವಯಸ್ಸನ್ನೇ ಮುಚ್ಚಿಡುತ್ತಾರೆ. ತಾಯಿ ಕಾರ್ಡ್ ಮಾಡಿಸುವಾಗ ಅದು ಬಯಲಾಗುತ್ತದೆ. ಅಷ್ಟರಲ್ಲಿ ಆಕೆ ಗರ್ಭಿಣಿ.

ಗರ್ಭಪಾತ ಕೋರಿ ಬರುವ ಬಾಲಕಿ ಮತ್ತು ಪೋಷಕರು ಬಯಸಿದರೆ ಆಕೆಯ ಗುರುತನ್ನು ವೈದ್ಯರು ಪೊಲೀಸರಿಗೆ ನೀಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಗರ್ಭ ನಿಂತ ಮೇಲೆ ಸಿಗುವ ಅಭಯ ಇದು. ಅದಕ್ಕೂ ಮೊದಲು ಮಾತ್ರೆ ಕೇಳಲು ಬರುವವಳ ಅಂಜಿಕೆಯನ್ನು ಇದು ಕಳೆಯುವುದಿಲ್ಲ.

ಅವಿವಾಹಿತೆಯರ ಪಾಡು ಹೇಳತೀರದು. ಊರಿನ ಔಷಧದಂಗಡಿಯವರು ಅಪ್ಪನಿಗೆ ಪರಿಚಿತರೇ ಆಗಿರುತ್ತಾರೆ! ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ಗಳಿವೆ, ನಿಜ. ಅಲ್ಲಿಗೆ ಒಬ್ಬಳೇ ಹೋಗಬೇಕಾದರೆ ಮನೆಯಲ್ಲಿ ಏನೆಂದು ಹೇಳಿ ಹೊರಡಬೇಕು?

ಸೋಜಿಗವೆಂದರೆ, ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ಜಗತ್ತಿನಲ್ಲೇ ಮೊದಲು ತೆರೆದ ಖ್ಯಾತಿ ಮೈಸೂರು ಸಂಸ್ಥಾನದ್ದು, 1930ರಲ್ಲಿ. ಕೋಲಾರ ಅಂದು ಆ ಸಂಸ್ಥಾನದ್ದೇ ಜಿಲ್ಲೆಯಾಗಿತ್ತು.