ಡಬ್ಬಿಯ ಮೇಲಿನ 650 ಡಿಗ್ರಿ

ಮಂಗಳೂರಿನ ಶಕ್ತಿನಗರದ ಏರು-ಇಳಿಜಾರಿನ ರಸ್ತೆ ಬದಿಯಲ್ಲಿ ನಿಂತಿರುವ ಕಾರುಗಳ ಮುಂದಿನ ಚಕ್ರದ ಸಂದಿಯೊಳಗೆ ಇಣುಕಿ ನೋಡಿ. ಡಿಸ್ಕನ್ನು ಎರಡೂ ಬದಿಯಿಂದ ಅವುಚಿ ಹಿಡಿಯುವ ಎರಕದ ಕಬ್ಬಿಣದ ಕ್ಯಾಲಿಪರ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೆ ಕೆಂಪು ಬಣ್ಣ, ಇನ್ನು ಕೆಲವುಗಳಲ್ಲಿ ಬರೀ ತುಕ್ಕು. ಬಣ್ಣ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲೆ ಬರೆದ ಉಷ್ಣತೆಯ ಮೇಲೆ. 300 ಡಿಗ್ರಿ ಒಳ್ಳೆಯದು, 650 ಇನ್ನೂ ಒಳ್ಳೆಯದು ಎಂಬ ಲೆಕ್ಕ. ಮಂಗಳೂರಿನ ಮಟ್ಟಿಗಂತೂ ಈ ಲೆಕ್ಕ ದಾರಿ ತಪ್ಪಿಸುತ್ತದೆ.

ಬ್ರೇಕಿನ ಬಿಸಿ ಸಣ್ಣದಲ್ಲ, ನಿಜ. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. 1,200 ಕಿಲೋ ತೂಕದ ಕಾರು ಅಲ್ಲಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಬರುವಷ್ಟರಲ್ಲಿ ಒಂದು ಕೋಟಿ ಜೂಲಿಗೂ ಮಿಕ್ಕ ಶಕ್ತಿಯನ್ನು ಕಳೆದುಕೊಳ್ಳಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಅದು. ಗಾಳಿ ಒಂದಷ್ಟನ್ನು ತಡೆಯುತ್ತದೆ, ಗೇರಿನಲ್ಲಿ ಇಳಿದರೆ ಎಂಜಿನ್ ಇನ್ನಷ್ಟನ್ನು ನುಂಗುತ್ತದೆ. ಉಳಿದದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೊಮ್ಮುತ್ತದೆ. ಆದರೆ ಆ ಬಿಸಿಯ ಬಹುಪಾಲನ್ನು ಹೊರುವುದು ಡಿಸ್ಕು. ಅದು 300 ಡಿಗ್ರಿ ದಾಟಿದಾಗಲೂ ಕ್ಯಾಲಿಪರಿನ ಮೈ ಅದಕ್ಕಿಂತ ಬಹಳ ತಂಪಾಗಿಯೇ ಇರುತ್ತದೆ.

ತಂಪಾಗಿ ಇರಲೇಬೇಕು. ಕ್ಯಾಲಿಪರಿನ ಹೊಟ್ಟೆಯೊಳಗೆ ಬ್ರೇಕ್ ಆಯಿಲ್ ಇದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು ಎಂಬುದು ನಿಯಮ. ನೀರು ಹೀರಿಕೊಂಡ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಪಿಸ್ಟನ್ನಿನ ರಬ್ಬರ್ ಸೀಲು ಕೂಡ 150 ಡಿಗ್ರಿಯ ಆಸುಪಾಸಿನಲ್ಲೇ ಸೋಲತೊಡಗುತ್ತದೆ. ಕ್ಯಾಲಿಪರಿನ ಮೈ ನಿಜವಾಗಿಯೂ 300 ಡಿಗ್ರಿಗೆ ಏರಿದರೆ ಬಣ್ಣದ ಚಿಂತೆಗೆ ಪುರುಸೊತ್ತೇ ಇರುವುದಿಲ್ಲ, ಅಷ್ಟರೊಳಗೆ ಬ್ರೇಕೇ ಕೈಕೊಟ್ಟಿರುತ್ತದೆ.

650 ಡಿಗ್ರಿಯ ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ ಸಿಲಿಕೋನ್ ರಾಳ. ಸಿಲಿಕಾನ್-ಆಮ್ಲಜನಕದ ಬಂಧ ಇಂಗಾಲ-ಇಂಗಾಲದ ಬಂಧಕ್ಕಿಂತ ಗಟ್ಟಿ, ಹಾಗಾಗಿ ಅದು ಸೈಲೆನ್ಸರ್ ಪೈಪಿಗೆ ಹೇಳಿ ಮಾಡಿಸಿದ್ದು. ತೊಡಕು ಇರುವುದು ಬೇರೆ ಕಡೆ. ಬಹುತೇಕ ಸಿಲಿಕೋನ್ ಬಣ್ಣಗಳು ಗಾಳಿಯಲ್ಲಿ ಬರೀ ಮುಟ್ಟುವಷ್ಟು ಒಣಗುತ್ತವೆ. ಅವುಗಳ ಅಣುಗಳು ಪೂರ್ತಿ ಹೆಣೆದುಕೊಳ್ಳಲು 200 ಡಿಗ್ರಿಯ ಸುಮಾರಿಗೆ ಬೇಯಿಸಬೇಕು. ಸೀಲು, ಆಯಿಲ್ ಇರುವ ಕ್ಯಾಲಿಪರನ್ನು ಹಾಗೆ ಬೇಯಿಸುವಂತಿಲ್ಲ. ಬೇಯದ ಬಣ್ಣದ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದರೆ ಅದು ಮೆತ್ತಗಾಗಿ ಕಿತ್ತು ಬರುತ್ತದೆ. ಪೌಡರ್ ಕೋಟಿಂಗ್ ಬಹಳ ಬಾಳುತ್ತದೆ, ಆದರೆ ಅದಕ್ಕೂ ಒಲೆಯೇ ಬೇಕು. ಕ್ಯಾಲಿಪರನ್ನು ಪೂರ್ತಿ ಬಿಚ್ಚಿ ಹೊಸ ಸೀಲು ಹಾಕಿಸುವವರಿಗೆ ಮಾತ್ರ ಅದು ಸರಿ.

ಹೀಗಾಗಿ ಕಾರಿನಲ್ಲೇ ಬಳಿಯುವುದಾದರೆ ನನ್ನ ಆಯ್ಕೆ ಹಾರ್ಡ್‌ನರ್ ಬೆರೆಸುವ ಎರಡು ಡಬ್ಬಿಯ ಎಪಾಕ್ಸಿ, ಅದರಲ್ಲೂ ಕ್ಯಾಲಿಪರಿಗೆಂದೇ ತಯಾರಿಸಿದ್ದು. ಅದು ಒಲೆಯಿಲ್ಲದೆ, ರಾಸಾಯನಿಕ ಕ್ರಿಯೆಯಿಂದಲೇ ಗಟ್ಟಿಯಾಗುತ್ತದೆ. ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ, ಬ್ರೇಕ್ ಆಯಿಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಬಿಸಿಲಿಗೆ ಮಂಕಾಗುವುದು ಅದರ ದೌರ್ಬಲ್ಯ. ಚಕ್ರದ ಮರೆಯಲ್ಲಿ ಅಷ್ಟು ಬಿಸಿಲು ಬೀಳುವುದಿಲ್ಲ.

ಕರಾವಳಿಯಲ್ಲಿ ಕ್ಯಾಲಿಪರಿನ ನಿಜವಾದ ಶತ್ರು ಬೆಂಕಿಯಲ್ಲ, ನೀರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಶಕ್ತಿನಗರ ಕಡಲಿಗೆ ಅಂಟಿಕೊಂಡಿಲ್ಲ, ಪಣಂಬೂರಿನಷ್ಟು ಉಪ್ಪು ಇಲ್ಲಿಗೆ ಬರುವುದೂ ಇಲ್ಲ. ಆದರೆ ಕಾರು ಒಂದೇ ಕಡೆ ನಿಲ್ಲುವ ವಸ್ತುವಲ್ಲವಲ್ಲ! ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರೆಳೆದು ದ್ರವವಾಗುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಇಲ್ಲಿನ ಗಾಳಿ ಆ ಗೆರೆಯಿಂದ ಕೆಳಗಿಳಿಯುವುದೇ ಅಪರೂಪ. ಬಣ್ಣದಲ್ಲಿ ಒಂದು ಸಣ್ಣ ಬಿರುಕು ಸಿಕ್ಕರೂ ಸಾಕು, ಉಪ್ಪುನೀರು ಒಳಹೋಗಿ ತುಕ್ಕು ಹುಟ್ಟುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು, ಹಾಗಾಗಿ ಅದು ಬಣ್ಣವನ್ನು ಅಡಿಯಿಂದಲೇ ಎತ್ತಿ ಹಾಕುತ್ತದೆ.

ಆದ್ದರಿಂದ ಬಣ್ಣದ ಆಯುಸ್ಸು ಅರ್ಧ ತೀರ್ಮಾನವಾಗುವುದು ಡಬ್ಬಿ ತೆರೆಯುವ ಮೊದಲೇ. ಬ್ರೇಕಿನ ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ವೈರ್ ಬ್ರಷ್, ಎಮೆರಿ ಪೇಪರ್, ಕೊನೆಗೆ ಜಿಡ್ಡು ತೆಗೆಯುವ ಬ್ರೇಕ್ ಕ್ಲೀನರ್. ದಪ್ಪಗೆ ಬಳಿಯುವ ಆಸೆ ಬೇಡ. ಬಿಸಿಯಾದಾಗ ಬಣ್ಣ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, ದಪ್ಪ ಪದರ ಬೇಗ ಬಿರಿಯುತ್ತದೆ. ಎರಡು ತೆಳು ಪದರ ಸಾಕು.

ಬಣ್ಣ ಯಾವುದು ಎಂಬುದಕ್ಕೆ ಉತ್ತರ ನಮ್ಮ ಮಾಡಿನ ಮೇಲೆಯೇ ಇದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಊರಿಗೆ ಗುರುತಾದ ಆ ಕೆಂಪು, ಭಟ್ಟಿಯ ಬೆಂಕಿಯಲ್ಲಿ ಹುಟ್ಟಿದ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಮತ್ತೆ ಆಮ್ಲಜನಕದೊಡನೆ ಕೂಡಲು ಅದರಲ್ಲಿ ಏನೂ ಉಳಿದಿಲ್ಲ, ಹಾಗಾಗಿ ಬಿಸಿಲಿಗೂ ಬಿಸಿಗೂ ಅದು ಜಗ್ಗುವುದಿಲ್ಲ. ಥಳಥಳಿಸುವ ಎಷ್ಟೋ ಸಾವಯವ ಕೆಂಪುಗಳು ಇಷ್ಟು ಗಟ್ಟಿಯಲ್ಲ. ಹಂಚಿನ ಕೆಂಪು ರೇಸಿಂಗ್ ಕಾರಿನಂತೆ ಹೊಳೆಯದಿರಬಹುದು, ನನಗೆ ಅದೇ ಚೆಂದ.

ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ತನಕದ ಒಣ ದಿನಗಳೇ ಸೂಕ್ತ. ಮಳೆಗಾಲದಲ್ಲಿ ಎಪಾಕ್ಸಿಯ ಹಾರ್ಡ್‌ನರ್ ತೇವದೊಡನೆ ಸೇರಿ ಮೇಲೆ ಅಂಟಂಟಾದ ಬಿಳಿ ಪೊರೆ ಕಟ್ಟುತ್ತದೆ. ರಬ್ಬರ್ ಹೊದಿಕೆ, ಜಾರುವ ಪಿನ್ನು, ಆಯಿಲಿನ ಗಾಳಿ ತೆಗೆಯುವ ನಿಪ್ಪಲ್, ಪ್ಯಾಡ್ ಕೂರುವ ಜಾಗ ಇವಿಷ್ಟನ್ನೂ ಟೇಪ್ ಸುತ್ತಿ ಮುಚ್ಚಿಡಿ. ಡಿಸ್ಕಿಗೆ ಒಂದು ಹನಿಯೂ ತಾಗಬಾರದು.