ಹಿಮ ಬೀಳುವ ಪ್ರದೇಶಗಳಲ್ಲಿ ತಾಳೆ ಜಾತಿಯ ಮರಗಳು: ಸುಳಿಯ ರಕ್ಷಣೆ

ತೆಂಗು, ಅಡಿಕೆಗಳನ್ನು ಬೆಳೆದವರಿಗೆ ಅದೇ ಕುಟುಂಬದ ಮರವೊಂದು ಹಿಮದ ನಡುವೆ ನಿಂತಿರುವುದು ಅಚ್ಚರಿಯೆನಿಸಬಹುದು. ಉತ್ತರಾಖಂಡದ ಪಿಥೋರಾಗಢದ ಬಳಿಯ ಥಲ್ಕೇದಾರ್ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿ, ಟ್ರಾಕಿಕಾರ್ಪಸ್ ಟಾಕಿಲ್ ಎಂಬ ಪ್ರಭೇದವು ಸಹಜವಾಗಿಯೇ ಬೆಳೆಯುತ್ತದೆ. ಇದರ ಸಂಬಂಧಿಯಾದ, ಚೀನಾ ಮೂಲದ ಟ್ರಾಕಿಕಾರ್ಪಸ್ ಫಾರ್ಚೂನೈ 19ನೆಯ ಶತಮಾನದಿಂದಲೂ ಯುರೋಪಿನ ಉದ್ಯಾನಗಳಲ್ಲಿದೆ. ಚೆನ್ನಾಗಿ ಬೇರೂರಿದ ಮರವು ಸುಮಾರು ಮೈನಸ್ 15 ಡಿಗ್ರಿ ಸೆಲ್ಸಿಯಸ್‌ವರೆಗಿನ ಚಳಿಯನ್ನು ಅಲ್ಪಕಾಲ ತಾಳಬಲ್ಲದು. ಎಳೆಯ ಸಸಿಗೆ ಆ ಶಕ್ತಿಯಿಲ್ಲ.

ಮರದ ಜೀವವಿರುವುದು ಸುಳಿಯಲ್ಲಿ. ಸೇಬು, ಮಾವುಗಳಂತೆ ಪಕ್ಕದ ಮೊಗ್ಗಿನಿಂದ ಮತ್ತೆ ಚಿಗುರುವ ಅವಕಾಶ ಒಂಟಿ ಕಾಂಡದ ಈ ಮರಗಳಿಗಿಲ್ಲ. ಗರಿಗಳೆಲ್ಲ ಒಣಗಿದರೂ ಮರ ಉಳಿಯಬಹುದು. ಬೆಳವಣಿಗೆಯ ತುದಿ ಸತ್ತರೆ ಹತ್ತು ವರ್ಷ ಸಾಕಿದ ಮರವೂ ಒಂದೇ ಚಳಿಗಾಲದಲ್ಲಿ ಕೈಬಿಡುತ್ತದೆ. ಅನೇಕ ಮರಗಳು ಸಾಯುವುದು ಚಳಿಯ ರಾತ್ರಿಯಲ್ಲಲ್ಲ, ಆನಂತರದ ವಾರಗಳಲ್ಲಿ. ಸುಳಿಯಲ್ಲಿ ನಿಂತ ನೀರು ಹೆಪ್ಪುಗಟ್ಟಿ ಎಳೆಯ ಅಂಗಾಂಶವು ಹಾನಿಗೊಳ್ಳುತ್ತದೆ. ಅಲ್ಲಿ ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಾಗಳು ಸೇರಿ, ತೆಂಗಿನ ಸುಳಿ ಕೊಳೆಯಲ್ಲಿ ಕಾಣುವಂತೆಯೇ ಕೊಳೆಯುವಿಕೆ ಆರಂಭವಾಗುತ್ತದೆ.

ಸಸಿಗಳನ್ನು ಮೊದಲ ಎರಡು ಮೂರು ಚಳಿಗಾಲಗಳಲ್ಲಿ ಕುಂಡದಲ್ಲಿಯೇ, ಹಿಮ ತಾಗದ ಆಸರೆಯಲ್ಲಿ ಇರಿಸಬೇಕು. ನಾಟಿಯನ್ನು ವಸಂತದಲ್ಲಿಯೇ ಮಾಡಬೇಕು. ಬೇರು ಹಿಡಿಯಲು ಒಂದು ಬೇಸಿಗೆಯಾದರೂ ಬೇಕು. ತಂಪು ಗಾಳಿಯು ಇಳಿದು ನಿಲ್ಲುವ ಕಣಿವೆಯ ತಳ ಹಾಗೂ ನೀರು ನಿಲ್ಲುವ ಜಾಗ ಸಲ್ಲದು. ಬೇಸಿಗೆ ಮುಗಿದ ಮೇಲೆ ಯೂರಿಯಾ ಕೊಡಬಾರದು. ಆಗ ಬರುವ ಎಳೆಯ ಗರಿಯೇ ಚಳಿಗೆ ಮೊದಲ ತುತ್ತು.

ಚಳಿಗಾಲಕ್ಕೆ ಮುನ್ನ ಬುಡಕ್ಕೆ 10ರಿಂದ 15 ಸೆಂ.ಮೀ. ದಪ್ಪನಾಗಿ ಒಣ ಎಲೆಗಳನ್ನು ಹೊದಿಸಬೇಕು. ತೀವ್ರ ಚಳಿಯ ಸೂಚನೆಯಿದ್ದಾಗ ಗರಿಗಳನ್ನು ಮೇಲಕ್ಕೆ ಸಡಿಲವಾಗಿ ಕಟ್ಟಿ, ಒಣಗಿದ ಗೋಣಿತಾಟನ್ನು ಸುತ್ತಿ, ಮಳೆ ಹಿಮಗಳು ಸುಳಿಗಿಳಿಯದಂತೆ ಮೇಲೊಂದು ಮರೆ ಮಾಡಬೇಕು. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಸುತ್ತುವುದು ದೊಡ್ಡ ತಪ್ಪು. ಒಳಗೆ ತೇವ ಕಟ್ಟಿ ಕೊಳೆಗೆ ತಾನಾಗಿ ದಾರಿಯಾಗುತ್ತದೆ. ಚಳಿ ಇಳಿದ ಕೂಡಲೇ ಬಿಚ್ಚಬೇಕು.

ವಸಂತದಲ್ಲಿ ಸುಳಿಯ ಗರಿಯನ್ನು ಮೆಲ್ಲನೆ ಎಳೆದು ನೋಡಬೇಕು. ಕಿತ್ತು ಬಂದರೆ ಕೊಳೆತ ಭಾಗವನ್ನು ತೆಗೆದು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸುಳಿಗೆ ಸುರಿಯಬೇಕು. ನಂತರ ಸುಳಿಯನ್ನು ಒಣಗಿರಿಸಬೇಕು. ಮರವನ್ನು ಕೂಡಲೇ ಅಗೆದು ಹಾಕಬಾರದು. ಹೊಸ ಗರಿ ಕಾಣಲು ಹಲವು ತಿಂಗಳು ಹಿಡಿಯಬಹುದು. ಮೊದಲ ಗರಿಗಳು ತುದಿ ಕತ್ತರಿಸಿದಂತೆ ವಿಕಾರವಾಗಿರುವುದು ಸಹಜ.