ಹೇಂಟೆಗೆ ಮೊಟ್ಟೆ ಸಿಕ್ಕಿಕೊಳ್ಳುವುದು: ಕಾರಣ ಮತ್ತು ನಿವಾರಣೆ

ಬೆಳಿಗ್ಗೆ ಗೂಡು ತೆರೆದಾಗ ಹೇಂಟೆಯೊಂದು ಬಾಲ ಇಳಿಬಿಟ್ಟು, ಮೇವು ಮುಟ್ಟದೆ, ಮೂಲೆಯಲ್ಲಿ ತಿಣುಕುತ್ತ ನಿಂತಿರುವುದನ್ನು ಹಲವರು ಕಂಡಿರಬಹುದು. ದೃಷ್ಟಿ ತಾಗಿತೆಂದು ಹೇಳುವವರುಂಟು. ಅದು ಸರಿಯಲ್ಲ. ಬಲಿತ ಮೊಟ್ಟೆ ಹೊರಬರಲಾರದೆ ಒಳಗೆ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಹಾಗೆಯೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಕೋಳಿ ಸಾಯಲೂಬಹುದು.

ಇದಕ್ಕೆ ಮುಖ್ಯ ಕಾರಣ ಸುಣ್ಣದಂಶದ ಕೊರತೆ. ಮೊಟ್ಟೆಯ ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ಒಂದೊಂದು ಸಿಪ್ಪೆಗೂ ಸುಮಾರು 2 ಗ್ರಾಂ ಸುಣ್ಣದಂಶ ಬೇಕು. ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳಿಗೂ ಇದೇ ಬಲ. ನಾವು ಹಾಕುವ ಅನ್ನ, ನುಚ್ಚು, ತವುಡುಗಳಲ್ಲಿ ಅದು ಬಹಳ ಕಡಿಮೆ. ತಿಂದ ಸುಣ್ಣದಂಶ ಮೈಗೆ ಹತ್ತಲು ಬಿಸಿಲೂ ಬೇಕು. ಕಾಸರಗೋಡಿನ ಮಳೆಗಾಲದಲ್ಲಿ ಕೋಳಿಗಳು ದಿನಗಟ್ಟಲೆ ಗೂಡಿನಲ್ಲೇ ಇರುವುದರಿಂದ ಆಗ ಹೆಚ್ಚು ಎಚ್ಚರ ಬೇಕು.

ನಿವಾರಣೆ ಸುಲಭ. ಮರುವಾಯಿ ಚಿಪ್ಪನ್ನು ತೊಳೆದು, ಒಣಗಿಸಿ, ನುಚ್ಚಿನ ಗಾತ್ರಕ್ಕೆ ಕುಟ್ಟಿ ಬೇರೆ ಪಾತ್ರೆಯಲ್ಲಿಡಿರಿ. ಹೇಂಟೆ ಬೇಕಾದಷ್ಟನ್ನೇ ಹೆಕ್ಕಿಕೊಳ್ಳುತ್ತದೆ. ಮೇವಿನಲ್ಲಿ ಬೆರೆಸಬೇಡಿ, ಮೊಟ್ಟೆಯಿಡದ ಮರಿಗಳಿಗೆ ಹೆಚ್ಚು ಸುಣ್ಣದಂಶ ಕೆಡುಕು. ಎಲೆಯಡಿಕೆಯ ಸುಣ್ಣವನ್ನಂತೂ ಕೊಡಲೇಬಾರದು. ಅದು ಬಾಯಿ, ಕರುಳುಗಳನ್ನು ಸುಡುತ್ತದೆ. ಮಳೆ ಬಿಟ್ಟಾಗಲೆಲ್ಲ ಕೋಳಿಗಳನ್ನು ಬಿಸಿಲಿಗೆ ಬಿಡಿರಿ. ಕೊಬ್ಬಿದ ಹೇಂಟೆಗೂ ಮೊಟ್ಟೆ ಸಿಕ್ಕುವುದುಂಟು. ಆದಕಾರಣ ಕಾಳನ್ನು ಮಿತವಾಗಿ ಹಾಕಿ, ಓಡಾಡಲು ಅಂಗಳ ಕೊಡಿರಿ. ಮೈ ಬೆಳೆಯದ ಎಳೆ ಹೇಂಟೆಗಳನ್ನು ರಾತ್ರಿ ದೀಪವಿಟ್ಟು ಬೇಗನೆ ಮೊಟ್ಟೆಗೆ ತರಬೇಡಿ. ನಾಲ್ಕೈದು ಹೇಂಟೆಗಳಿಗೆ ಒಂದರಂತೆ, ಒಣ ಹುಲ್ಲು ಹಾಸಿದ ಮೊಟ್ಟೆಬುಟ್ಟಿಯನ್ನು ಮರೆಯಲ್ಲಿಡಿರಿ.

ಇಷ್ಟಾದರೂ ಮೊಟ್ಟೆ ಸಿಕ್ಕಿದರೆ ಹೇಂಟೆಯ ಹೊಟ್ಟೆಯ ಭಾಗ ಮುಳುಗುವಂತೆ ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ಕೂರಿಸಬೇಕು. ಬಳಿಕ ಮೈ ಒರಸಿ, ಗುದದ್ವಾರಕ್ಕೆ ತುಸು ತೆಂಗಿನೆಣ್ಣೆ ಸವರಿ, ಬೆಚ್ಚಗಿನ ಕತ್ತಲೆಯ ಜಾಗದಲ್ಲಿ ನೀರಿಟ್ಟು ಬಿಡಬೇಕು. ಕೆಲವು ಗಂಟೆಗಳಲ್ಲಿ ಮೊಟ್ಟೆ ಬಾರದಿದ್ದರೆ ಮೃಗಾಸ್ಪತ್ರೆಗೆ ಒಯ್ಯತಕ್ಕದ್ದು.

ಹೊಟ್ಟೆ ಹಿಸುಕಬೇಡಿ, ಬೆರಳು ಹಾಕಿ ಎಳೆಯಬೇಡಿ. ನಾವೇ ಒಮ್ಮೆ ಅವಸರಪಟ್ಟು ಹಾಗೆ ಮಾಡಲು ಹೋಗಿ ಮೊಟ್ಟೆಯನ್ನು ಒಳಗೇ ಒಡೆದುಬಿಟ್ಟೆವು. ಸಿಪ್ಪೆಯ ಚೂರು ತಾಗಿ, ಗಾಯ ಕೀವಾಗಿ, ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆ ನಾಲ್ಕನೆಯ ದಿನ ಸತ್ತಿತು. ಆಗ ನಮ್ಮ ಗೂಡಿನಲ್ಲಿ ಚಿಪ್ಪಿನ ಪಾತ್ರೆ ಇರಲಿಲ್ಲ. ಮರುವಾಯಿ ತಿಂದ ಮನೆಗಳಲ್ಲಿ ಎಸೆಯುವ ಚಿಪ್ಪಿಗೆ ಬೆಲೆಯಿಲ್ಲ; ಹೇಂಟೆಗೆ ಅದೇ ಜೀವ.